ಮುಲ್ಕಿಯಾದಲ್ಲಿ ಯಾರ ಹೆಸರು?

ಕಳೆದ ಸಂಚಿಕೆಯಲ್ಲಿ ಗಲ್ಫಿನ ಹಳೆ ಕಾರಿನ ಬಗ್ಗೆ ಒಂದು ಪ್ರಶ್ನೆಗೆ ನಾಲ್ಕು ಸಾಲು ಉತ್ತರ ಬರೆದಿದ್ದೆ. ಈಗ ಬಂದಿರುವ ಪತ್ರಗಳೆಲ್ಲ ಅದರದ್ದೇ. ಸಂಪಾದಕರು "ಈ ಸಲ ಕಾರಿಗೇ ಇಡೀ ಅಂಕಣ ಕೊಟ್ಟುಬಿಡಿ" ಅಂದರು. ಆಗಲಿ.

ಹೊಸ ಓದುಗರಿಗೆ ಒಂದು ಮಾತು. ನಾನು ಪೆರ್ಲದ ಕಡೆಯವಳು. ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜೊಂದರಲ್ಲಿ ಕೌಂಟರಿನ ಹಿಂದೆ ಕೂತು ಎಸ್ಟಿಮೇಟ್ ಬರೆಯುವುದು, ಇನ್ಶೂರೆನ್ಸ್ ಕಂಪನಿಗೆ ಫೈಲ್ ಕಳಿಸುವುದು ನನ್ನ ಕೆಲಸವಾಗಿತ್ತು. ಈಗ ಊರಲ್ಲಿದ್ದೇನೆ. ಸ್ಪ್ಯಾನರ್ ಹಿಡಿದವಳಲ್ಲ. ಹಿಡಿದವರು ಬರೆದ ಬಿಲ್ಲು ಓದಿದವಳು. ಹಾಗಾಗಿ ನನ್ನ ಉತ್ತರದಲ್ಲಿ ಎಂಜಿನ್‌ಗಿಂತ ಕಾಗದ ಜಾಸ್ತಿ ಇರುತ್ತದೆ.

ಪ್ರಶ್ನೆ: ಅಕ್ಕಾ, ನಾನು ಉಪ್ಪಳದವನು. ಶಾರ್ಜಾದ ಅಲ್ ನಹ್ದಾದಲ್ಲಿ ರೂಮು, ದುಬೈಯ ದೇರಾದಲ್ಲಿ ಕೆಲಸ. ಹೋದ ತಿಂಗಳು ಅಂತೂ ಲೈಸೆನ್ಸ್ ಆಯಿತು. ಕೈಯಲ್ಲಿ 18 ಸಾವಿರ ದಿರ್ಹಮ್ ಉಂಟು. ರೂಮಿನವರು ಒಂದು ಅಮೆರಿಕನ್ ಸ್ಪೆಕ್ (ಅಮೆರಿಕದ ಮಾರುಕಟ್ಟೆಗೆ ಮಾಡಿದ) ಕಾರು ತೋರಿಸಿದ್ದಾರೆ. ದೊಡ್ಡದು, ಚಂದ ಉಂಟು, ಮಾಡೆಲ್ ಕೂಡ ಹೊಸದು. ಅದೇ ದುಡ್ಡಿಗೆ ಜಿಸಿಸಿ ಸ್ಪೆಕ್ (ಗಲ್ಫ್ ದೇಶಗಳಿಗೆ ಮಾಡಿದ್ದು) ಆದರೆ ಯಾರಿಸೋ ಸನ್ನಿಯೋ, ಒಂದು ಹಳೆ ಸಣ್ಣ ಕಾರು ಸಿಗುತ್ತದೆ. ಯಾವುದು ತಗೊಳ್ಳಲಿ?

ಉತ್ತರ: ಹಳೆ ಯಾರಿಸ್. ಸನ್ನಿಯಾದರೂ ಅಡ್ಡಿಯಿಲ್ಲ.

ದೊಡ್ಡ ಕಾರು ಸಣ್ಣ ಕಾರಿನ ಬೆಲೆಗೆ ಯಾಕೆ ಸಿಗುತ್ತದೆ ಅಂತ ಒಮ್ಮೆ ಯೋಚಿಸಿ. ಅಮೆರಿಕದಲ್ಲಿ ಅಪಘಾತವಾಗಿ ಅಥವಾ ನೀರಲ್ಲಿ ಮುಳುಗಿ, ರಿಪೇರಿಗೆ ಲಾಯಕ್ಕಿಲ್ಲ ಅಂತ ಅಲ್ಲಿನ ಇನ್ಶೂರೆನ್ಸ್ ಕಂಪನಿ ಕೈಬಿಟ್ಟ ಕಾರುಗಳು ಹರಾಜಿಗೆ ಬರುತ್ತವೆ. ಅವು ಹಡಗಲ್ಲಿ ಗಲ್ಫಿಗೆ ಬಂದು, ಡೆಂಟಿಂಗ್ ಪೇಂಟಿಂಗ್ ಮುಗಿಸಿ, ಮದುಮಗನ ಹಾಗೆ ಶೋರೂಮಿನಲ್ಲಿ ನಿಲ್ಲುತ್ತವೆ. ಎಲ್ಲ ಅಮೆರಿಕನ್ ಸ್ಪೆಕ್ ಕಾರೂ ಹೀಗೆ ಅಂತ ನಾನು ಹೇಳುವುದಿಲ್ಲ. ಒಳ್ಳೆಯದೂ ಇರುತ್ತದೆ. ಆದರೆ ಅದನ್ನು ಗುರುತಿಸುವುದು ಮೊದಲ ಕಾರು ಕೊಳ್ಳುವವರ ಕೆಲಸವಲ್ಲ.

ಜಿಸಿಸಿ ಸ್ಪೆಕ್ ಅಂದರೆ ಗಲ್ಫಿನ ಬಿಸಿಲಿಗೆ ಅಂತಲೇ ಮಾಡಿದ್ದು. ರೇಡಿಯೇಟರು, ಎಸಿ ಎಲ್ಲ ಆ ಲೆಕ್ಕಕ್ಕೇ ಇರುತ್ತವೆ. ಜುಲೈ ಮಧ್ಯಾಹ್ನ ಇತ್ತಿಹಾದ್ ರೋಡಿನ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ನಿಂತಾಗ ಬಾಕಿ ವಿಷಯ ನಿಮಗೇ ತಿಳಿಯುತ್ತದೆ. ಇನ್ಶೂರೆನ್ಸಿನವರಿಗೂ ಅಮೆರಿಕನ್ ಸ್ಪೆಕ್ ಅಂದರೆ ಅಷ್ಟಕ್ಕಷ್ಟೇ. ಕೆಲವರು ಕಾಂಪ್ರಹೆನ್ಸಿವ್, ಅಂದರೆ ನಮ್ಮ ಕಾರಿನ ಹಾನಿಗೂ ಸಿಗುವ ಪಾಲಿಸಿ, ಕೊಡುವುದೇ ಇಲ್ಲ, ಕೊಡುವವರು ಜಾಸ್ತಿ ಕೇಳುತ್ತಾರೆ. ಅದಕ್ಕಿಂತ ದೊಡ್ಡ ವಿಷಯ, ನೀವು ಮಾರುವ ದಿನ ಅದನ್ನು ಕೇಳುವವರು ಕಡಿಮೆ. ಈ ಮಾರುವ ದಿನದ ಮಾತು ಮುಂದೆ ಇನ್ನೊಬ್ಬರ ಪ್ರಶ್ನೆಯಲ್ಲಿ ಬರುತ್ತದೆ, ಅದನ್ನೂ ಓದಿ.

ಸ್ಪೆಕ್ ಪತ್ತೆ ಮಾಡುವುದು ಹೇಗೆ? ಸ್ಪೀಡೋಮೀಟರಿನಲ್ಲಿ ಮೈಲಿಯ ಅಂಕೆ ದೊಡ್ಡದಾಗಿ, ಕಿಲೋಮೀಟರಿನ ಅಂಕೆ ಸಣ್ಣದಾಗಿ ಇದ್ದರೆ ಅದು ಅಮೆರಿಕದ ಮಾಲು. ಚಾಸಿ ನಂಬರ್ 1, 4 ಅಥವಾ 5ರಿಂದ ಶುರುವಾದರೆ ಅಮೆರಿಕದಲ್ಲಿ ತಯಾರಾದದ್ದು, 'ಜೆ' ಅಂದರೆ ಜಪಾನ್. ಆದರೆ ಅಮೆರಿಕದಲ್ಲಿ ತಯಾರಾಗಿ ಜಿಸಿಸಿ ಸ್ಪೆಕ್ಕಿಗೇ ಬಂದ ಕಾರೂ ಉಂಟು. ಆದ್ದರಿಂದ ಆ ನಂಬರೊಂದನ್ನೇ ನೋಡಿ ತೀರ್ಮಾನ ಮಾಡಬೇಡಿ.

ಯಾವ ಕಾರೇ ಆಗಲಿ, ಚಾಸಿ ನಂಬರ್ ಕೇಳಿ ಬರೆದುಕೊಳ್ಳಿ. ಒಳಾಡಳಿತ ಸಚಿವಾಲಯದ ಸೈಟಿನಲ್ಲಿ ಅದನ್ನು ಹಾಕಿದರೆ ಯುಎಇಯಲ್ಲಿ ಪೊಲೀಸ್ ದಾಖಲೆಗೆ ಬಂದ ಅಪಘಾತದ ವಿವರ ಪುಕ್ಕಟೆ ಸಿಗುತ್ತದೆ. ಚಾಸಿ ನಂಬರ್ ಕೊಡಲು ಮಾಲೀಕ ಹಿಂದೆಮುಂದೆ ನೋಡಿದರೆ, ಸಲಾಂ ಹೇಳಿ ಎದ್ದು ಬನ್ನಿ. ಅಮೆರಿಕದಲ್ಲಿ ಆದ ಅಪಘಾತ ಯುಎಇಯ ದಾಖಲೆಯಲ್ಲಿ ಕಾಣುವುದಿಲ್ಲ ಅನ್ನುವುದು ಮಾತ್ರ ನೆನಪಿರಲಿ.

ನೀರಿನ ವಿಷಯ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. 2024ರ ಏಪ್ರಿಲ್ 16ರಂದು ಯುಎಇಯಲ್ಲಿ ಸುರಿದ ಮಳೆ ಅಲ್ಲಿನ ದಾಖಲೆಯಲ್ಲೇ ದೊಡ್ಡದು. ಅಲ್ ಐನ್ ಹತ್ತಿರದ ಖತಮ್ ಅಲ್ ಶಕ್ಲಾ ಅನ್ನುವಲ್ಲಿ 24 ಗಂಟೆಯೊಳಗೆ 254 ಮಿ.ಮೀ. ಬಿತ್ತು. ನಮ್ಮ ಕಾಸರಗೋಡಿನವರಿಗೆ ಅದೇನು ಮಹಾ ಅನ್ನಿಸಬಹುದು. ಇಲ್ಲಿ ಹೊಳೆ ಉಂಟು, ಸಮುದ್ರ ಉಂಟು, ನೀರು ಹರಿದುಹೋಗುತ್ತದೆ. ಶಾರ್ಜಾದ ಕೆಲವು ಬೀದಿಗಳಲ್ಲಿ ನೀರು ದಿನಗಟ್ಟಲೆ ನಿಂತೇ ಇತ್ತು. ಆಮೇಲೆ ನಮ್ಮ ಗ್ಯಾರೇಜಿನ ಅಂಗಳದಲ್ಲಿ ರಿಕವರಿ ಲಾರಿಗಳು ಸಾಲು ನಿಂತವು. ಕಾಂಪ್ರಹೆನ್ಸಿವ್ ಇದ್ದವರು ಫೈಲ್ ಹಾಕಿದರು. ಎದುರಿನವರ ನಷ್ಟಕ್ಕೆ ಮಾತ್ರ ಸಿಗುವ ಥರ್ಡ್ ಪಾರ್ಟಿ ಇದ್ದವರು ಸೀಟು ಕಳಚಿ ಬಿಸಿಲಿಗಿಟ್ಟರು. ಹಾಗೆ ಒಣಗಿದ ಕಾರುಗಳು ಎಲ್ಲಿ ಹೋದವು ಅಂದುಕೊಂಡಿರಿ? ಮಾರುಕಟ್ಟೆಗೇ.

ಅದಕ್ಕೆ ಹೀಗೆ ಮಾಡಿ. ಸೀಟ್‌ಬೆಲ್ಟನ್ನು ಕೊನೆಯ ತನಕ ಪೂರ್ತಿ ಎಳೆಯಿರಿ. ಒಳಗೆ ಸುತ್ತಿಕೊಂಡಿರುವ ಭಾಗವನ್ನು ತೊಳೆಯಲು ಯಾರಿಗೂ ನೆನಪಾಗುವುದಿಲ್ಲ, ಕೆಸರಿನ ಗೆರೆ ಅಲ್ಲೇ ಉಳಿದಿರುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಂಡಿ ನೋಡಿ. ಸೀಟಿನ ಕೆಳಗಿನ ಹಳಿಗೆ ಕೈ ಹಾಕಿ, ತುಕ್ಕು ಉಂಟಾ ನೋಡಿ. ಬಾಗಿಲು ತೆಗೆದ ಕೂಡಲೇ ಅತ್ತರಿನ ವಾಸನೆ ಮೂಗಿಗೆ ಹೊಡೆದರೆ ಅನುಮಾನ ಪಡಿ. ಗಲ್ಫಿನಲ್ಲಿ ಎಲ್ಲರಿಗೂ ಅತ್ತರು ಇಷ್ಟವೇ ಅನ್ನಿ. ಆದರೆ ಅರ್ಧ ಬಾಟಲಿ ಸುರಿದಿದ್ದರೆ ಯಾವುದೋ ವಾಸನೆ ಮುಚ್ಚಲಿಕ್ಕಿರುತ್ತದೆ.

ಟೈರಿನ ಬದಿಯಲ್ಲಿ ನಾಲ್ಕು ಅಂಕೆ ಇರುತ್ತವೆ. 2322 ಅಂದರೆ 2022ರ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ ಟೈರನ್ನು ಅಲ್ಲಿ ಪಾಸಿಂಗಿನಲ್ಲಿ, ಅಂದರೆ ವಾಹನ ತಪಾಸಣೆಯಲ್ಲಿ, ಬಿಡುವುದಿಲ್ಲ, ನೋಡಲು ಹೊಸದರ ಹಾಗೆ ಕಂಡರೂ ಸರಿ. ನಾಲ್ಕೂ ಟೈರು ಹಳತಾದರೆ ಅಷ್ಟನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ. ಬ್ಯಾಟರಿಯೂ ಆ ಸೆಕೆಗೆ ಎರಡು ವರ್ಷ ಬಂದರೆ ದೊಡ್ಡದು. ಇಷ್ಟೆಲ್ಲ ನೋಡಿದ ಮೇಲೂ ಮಾರುವವರಿಗೆ ಗೊತ್ತಿಲ್ಲದ ಯಾವುದಾದರೂ ಗ್ಯಾರೇಜಿಗೆ ಒಯ್ದು ಕಂಪ್ಯೂಟರ್ ಚೆಕ್, ಲಿಫ್ಟ್ ಚೆಕ್ ಮಾಡಿಸಿ. ಕೆಲವು ನೂರು ದಿರ್ಹಮ್ ಆಗುತ್ತದೆ. ಅದನ್ನು ಉಳಿಸಲು ಹೋದವರ ಎಸ್ಟಿಮೇಟ್ ನಾನು ಬೇಕಾದಷ್ಟು ಬರೆದಿದ್ದೇನೆ.

18 ಸಾವಿರ ಇದೆ ಅಂತ ಪೂರ್ತಿ ಕಾರಿಗೇ ಸುರಿಯಬೇಡಿ. 14ರ ಆಸುಪಾಸಿನಲ್ಲಿ ಹುಡುಕಿ. ಇನ್ಶೂರೆನ್ಸು, ಹೆಸರು ಬದಲಾವಣೆ, ಮೊದಲ ಸರ್ವಿಸು, ಬೇಕಾದರೆ ಟೈರು, ಎಲ್ಲ ಬಾಕಿಯದರಲ್ಲಿ ಆಗಬೇಕು. ದಿನದ ಖರ್ಚೂ ಲೆಕ್ಕ ಹಾಕಿ. 2025ರ ಜನವರಿ ಕೊನೆಯಿಂದ ದುಬೈಯ ಸಾಲಿಕ್ ಅನ್ನುವ ಟೋಲ್ ಗೇಟಿನಲ್ಲಿ ವಾರದ ದಿನಗಳಲ್ಲಿ ಬೆಳಗ್ಗೆ 6ರಿಂದ 10, ಸಂಜೆ 4ರಿಂದ 8ರ ತನಕ 6 ದಿರ್ಹಮ್, ಬಾಕಿ ಹೊತ್ತಿನಲ್ಲಿ 4. ಮಧ್ಯರಾತ್ರಿ 1ರಿಂದ 6 ಪುಕ್ಕಟೆ, ಆದರೆ ಆ ಹೊತ್ತಿಗೆ ನಿಮ್ಮ ಆಫೀಸ್ ತೆರೆದಿರುವುದಿಲ್ಲ. ಮಮ್ಜರ್ ಗೇಟಿನಲ್ಲಿ ದಿನಾ ಹೋಗಿಬಂದರೆ 12 ದಿರ್ಹಮ್, ತಿಂಗಳಿಗೆ 22 ದಿನ ಅಂದರೆ 264. ಕುಸೈಸಿನ ಒಳರಸ್ತೆ ಹಿಡಿದರೆ ಗೇಟು ತಪ್ಪುತ್ತದೆ, ಸಿಗ್ನಲ್ ತಪ್ಪುವುದಿಲ್ಲ.

ಒಂದು ಮಾತು ಕೇಳಲಾ? ದೇರಾದಲ್ಲಿ ಪಾರ್ಕಿಂಗ್ ಹುಡುಕುವುದೇ ಅರ್ಧ ಕೆಲಸ. ನಿಮ್ಮ ಕಡೆಯಿಂದ ಸ್ಟೇಡಿಯಂ ಮೆಟ್ರೋ ಸ್ಟೇಷನ್ ದೂರವೂ ಅಲ್ಲ. ಕಾರು ಶುಕ್ರವಾರ ಸಂಜೆಯ ತಿರುಗಾಟಕ್ಕೆ ಮಾತ್ರ ಅಂತಾದರೆ, ಆ ದುಡ್ಡು ಬ್ಯಾಂಕಿನಲ್ಲೇ ಇರಲಿ.

ಪ್ರಶ್ನೆ: ನನ್ನ ಗೆಳೆಯ ಕೆಲಸ ಬಿಟ್ಟು ಊರಿಗೆ ಹೋಗುತ್ತಿದ್ದಾನೆ. ಅವನ ಕಾರಿನ ಮೇಲೆ ಇನ್ನೂ ಎರಡು ವರ್ಷದ ಸಾಲ ಉಂಟು. "ನೀನು ಓಡಿಸು, ಕಂತು ನನ್ನ ಅಕೌಂಟಿಗೆ ಹಾಕು, ಮುಗಿದ ಮೇಲೆ ನಿನ್ನ ಹೆಸರಿಗೆ ಮಾಡಿಕೊಡುತ್ತೇನೆ" ಅಂತಾನೆ. ಒಳ್ಳೆಯ ಹುಡುಗ, ನಮ್ಮ ಕುಂಬಳೆಯವನೇ. ಒಪ್ಪಬಹುದಾ?

ಉತ್ತರ: ಬೇಡ.

ಹುಡುಗ ಒಳ್ಳೆಯವನೇ ಇರಬಹುದು. ಇಲ್ಲಿ ಅವನ ಗುಣದ ಪ್ರಶ್ನೆ ಬರುವುದಿಲ್ಲ. ಕಾರಿನ ರಿಜಿಸ್ಟ್ರೇಷನ್ ಕಾರ್ಡು, ಅಂದರೆ ಮುಲ್ಕಿಯಾ, ಯಾರ ಹೆಸರಿನಲ್ಲಿ ಉಂಟೋ ಕಾರು ಅವರದ್ದು. ಸಾಲ ಇದ್ದರೆ ಅದರ ಮೇಲೆ ಬ್ಯಾಂಕಿನ ಹಕ್ಕೂ ದಾಖಲಾಗಿರುತ್ತದೆ. ನೀವು ಯಾರು? ಕಾಗದದ ಪ್ರಕಾರ ಯಾರೂ ಅಲ್ಲ.

ವರ್ಷಕ್ಕೊಮ್ಮೆ ಮುಲ್ಕಿಯಾ ರಿನ್ಯೂ ಆಗಬೇಕು, ಇನ್ಶೂರೆನ್ಸ್ ಮಾಡಿಸಬೇಕು. ಎಲ್ಲದಕ್ಕೂ ಮಾಲೀಕನ ಎಮಿರೇಟ್ಸ್ ಐಡಿ ಬೇಕು. ಅವನ ವೀಸಾ ಕ್ಯಾನ್ಸಲ್ ಆದ ಮೇಲೆ ಆ ಐಡಿಗೆ ಜೀವ ಇರುವುದಿಲ್ಲ. ಅಷ್ಟರೊಳಗೆ ಯಾರಾದರೂ ಹಿಂದಿನಿಂದ ಗುದ್ದಿದರು ಅಂತ ಇಟ್ಟುಕೊಳ್ಳಿ. ಯುಎಇಯಲ್ಲಿ ಪೊಲೀಸ್ ಪೇಪರ್ ಇಲ್ಲದೆ ಯಾವ ಗ್ಯಾರೇಜೂ ಅಪಘಾತದ ಕಾರಿನ ಬಂಪರ್ ಮುಟ್ಟುವ ಹಾಗಿಲ್ಲ. ತಪ್ಪಿಲ್ಲದವರಿಗೆ ಹಸಿರು ಪೇಪರ್, ತಪ್ಪಿತಸ್ಥರಿಗೆ ಕೆಂಪು. ಹಸಿರು ಪೇಪರ್ ಹಿಡಿದುಕೊಂಡು ಬಂದು, ಮಾಲೀಕ ಊರಲ್ಲಿದ್ದಾನೆ ಅಂತ ನಮ್ಮ ಕೌಂಟರಿನಲ್ಲಿ ಸುಮ್ನೆ ನಿಂತವರು ಎಷ್ಟೋ ಮಂದಿ. ಕಾರು ಟೋಟಲ್ ಲಾಸ್ ಅಂತಾದರಂತೂ ಕೇಳಬೇಡಿ, ದುಡ್ಡು ಹೋಗುವುದು ಮಾಲೀಕನಿಗೆ ಮತ್ತು ಬ್ಯಾಂಕಿಗೆ. ಕಂತು ಕಟ್ಟಿದವರಿಗಲ್ಲ.

ಅವನ ಕಡೆಯಿಂದಲೂ ನೋಡಿ. ನೀವು ಸ್ಪೀಡಾಗಿ ಹೋದ ಫೈನ್ ಅವನ ಮೇಲೆ. ನೀವು ಒಂದು ಕಂತು ತಪ್ಪಿಸಿದರೆ ಬ್ಯಾಂಕ್ ಹುಡುಕುವುದು ಅವನನ್ನು. ಮುಂದೆ ಇನ್ನೊಂದು ವೀಸಾದಲ್ಲಿ ಬರುವಾಗ ಅದು ಅವನ ಕುತ್ತಿಗೆಗೆ ಬಂದೀತು.

ಸರಿಯಾದ ದಾರಿ ಇಲ್ಲದೆ ಇಲ್ಲ. ಬ್ಯಾಂಕಿನಿಂದ ಬಾಕಿ ಎಷ್ಟು ಅಂತ ಲೆಟರ್ ತೆಗೆಸಿ. ನಿಮ್ಮಿಬ್ಬರ ವ್ಯವಹಾರದ ದುಡ್ಡಿನಲ್ಲಿ ಮೊದಲು ಆ ಸಾಲ ತೀರಲಿ. ದುಡ್ಡನ್ನು ಬ್ಯಾಂಕಿಗೇ ಕಟ್ಟಿ, ಗೆಳೆಯನ ಕೈಗೆ ಅಲ್ಲ. ಬ್ಯಾಂಕ್ ಹಕ್ಕು ಬಿಟ್ಟ ಮೇಲೆ ಇಬ್ಬರೂ ಒಟ್ಟಿಗೆ ಹೋಗಿ ಹೆಸರು ಬದಲಿಸಿ. ಕೈಯಲ್ಲಿ ಅಷ್ಟಿಲ್ಲದಿದ್ದರೆ ನಿಮ್ಮ ಹೆಸರಿನಲ್ಲೇ ಕಾರಿನ ಸಾಲ ಕೇಳಿ. ಅಲ್ಲಿನ ಸೆಂಟ್ರಲ್ ಬ್ಯಾಂಕಿನ ನಿಯಮದ ಪ್ರಕಾರ ಕಾರಿನ ಬೆಲೆಯ 80 ಶೇಕಡಾದವರೆಗೆ, ಹೆಚ್ಚೆಂದರೆ 60 ತಿಂಗಳಿಗೆ ಸಿಗುತ್ತದೆ. ಬ್ಯಾಂಕ್ ಕೊಡಲು ಒಪ್ಪದಿದ್ದರೆ, ಆ ಕಾರು ನಿಮ್ಮ ಸಂಬಳಕ್ಕೆ ಭಾರ ಅಂತ ಅರ್ಥ.

ಪ್ರಶ್ನೆ: ಕಂಪನಿಯಲ್ಲಿ ಜನ ಕಡಿಮೆ ಮಾಡುತ್ತಿದ್ದಾರೆ. ನನ್ನ ಹೆಸರು ಪಟ್ಟಿಯಲ್ಲಿ ಉಂಟು ಅಂತ ಕೇಳಿದೆ. ಹೆಂಡತಿ, ಮಗಳು ಇಲ್ಲೇ ಇದ್ದಾರೆ. ಕಾರನ್ನು ಎಂತ ಮಾಡುವುದು? ಕೊನೆಯ ದಿನದವರೆಗೆ ಬೇಕಲ್ಲ. (ಮಂಜೇಶ್ವರದವರು, ಈಗ ದುಬೈಯಲ್ಲಿ)

ಉತ್ತರ: ಈ ಪತ್ರ ಓದಿ ಬೇಸರವಾಯಿತು. ಹೆಸರು ಪಟ್ಟಿಯಲ್ಲಿ ಇಲ್ಲದೇ ಇರಲಿ ಅಂತ ಹಾರೈಸುತ್ತೇನೆ. ಇದ್ದರೂ ಧೈರ್ಯ ಬಿಡಬೇಡಿ, ಕಾರಿನ ಮಟ್ಟಿಗೆ ಮಾಡಬೇಕಾದ್ದು ಜಾಸ್ತಿ ಇಲ್ಲ.

ಕಾರನ್ನು ಮೊದಲು ಮಾರಿ, ಬಾಕಿಯದ್ದು ಆಮೇಲೆ. ಕೊನೆಯ ಎರಡು ವಾರಕ್ಕೆ ಬಾಡಿಗೆ ಕಾರು ತಗೊಳ್ಳಿ. ಖರ್ಚು ಅನ್ನಿಸಬಹುದು, ಆದರೆ ಅವಸರದಲ್ಲಿ ಮಾರಿದರೆ ಕಳೆದುಕೊಳ್ಳುವುದಕ್ಕಿಂತ ಅದು ಎಷ್ಟೋ ಕಡಿಮೆ. ವಿಮಾನದ ಟಿಕೆಟ್ ಆಗಿರುವವರ ಮುಖ ನೋಡಿದರೆ ಸಾಕು, ಹಳೆ ಕಾರಿನ ವ್ಯಾಪಾರಿಗೆ ಗೊತ್ತಾಗುತ್ತದೆ. ಬೆಳಗ್ಗೆ ಹೇಳಿದ ರೇಟು ಮಧ್ಯಾಹ್ನಕ್ಕೆ ಇಳಿಯುತ್ತದೆ. ಇನ್ನೂ ಕೆಲಸದಲ್ಲಿರುವಾಗ, "ಬೇರೆ ಕಾರು ತಗೊಳ್ಳಬೇಕು ಅಂತ ಮಾರುತ್ತಿದ್ದೇನೆ" ಅನ್ನುವ ಮುಖದಲ್ಲಿ ಮಾರಿ.

ಮೊದಲು ಆ್ಯಪಿನಲ್ಲಿ ಫೈನ್ ನೋಡಿ. ಫೈನ್ ಪೂರ್ತಿ ಕಟ್ಟದೆ ಹೆಸರು ಬದಲಾಗುವುದಿಲ್ಲ. ಅಬುಧಾಬಿಗೆ ಹೋದಾಗ ಬಿದ್ದ ಫೈನ್ ದುಬೈಯಲ್ಲಿ ಗೊತ್ತಾಗುವುದಿಲ್ಲ ಅಂದುಕೊಳ್ಳಬೇಡಿ, ಎಲ್ಲ ಒಂದೇ ಕಡೆ ಬರುತ್ತದೆ. ಪಾಸಿಂಗ್ ಮುಗಿಯುವುದಕ್ಕೆ ಹತ್ತಿರ ಇದ್ದರೆ ಮಾಡಿಸಿಯೇ ಮಾರಿ, ರೇಟು ಬರುತ್ತದೆ. ಕೊಳ್ಳುವವರು ಚೆಕ್ ಕೊಡುತ್ತೇನೆ ಅಂದರೆ ಬೇಡ ಅನ್ನಿ. ದುಡ್ಡು ಅಕೌಂಟಿಗೆ ಬಿದ್ದ ಮೇಲೆ ಹೆಸರು ಬದಲಾವಣೆ, ಹೆಸರು ಬದಲಾದ ಮೇಲೆ ಚಾವಿ.

ಹೆಸರು ಬದಲಾದ ಅದೇ ದಿನ ಎರಡು ಕೆಲಸ ಬಾಕಿ ಉಂಟು. ಒಂದು, ಸಾಲಿಕ್ ಅಕೌಂಟಿನಿಂದ ಆ ಕಾರನ್ನು ತೆಗೆಸಿ. ಇಲ್ಲದಿದ್ದರೆ ಅವರು ಗೇಟು ದಾಟುತ್ತಾರೆ, ದುಡ್ಡು ನಿಮ್ಮದು ಹೋಗುತ್ತದೆ. ಎರಡು, ಇನ್ಶೂರೆನ್ಸ್ ಕಂಪನಿಗೆ ಬರೆದು ಪಾಲಿಸಿ ರದ್ದು ಮಾಡಿಸಿ. ಬಾಕಿ ಉಳಿದ ತಿಂಗಳು ಎಷ್ಟು ಅಂತ ನೋಡಿ ಸ್ವಲ್ಪ ದುಡ್ಡು ವಾಪಸ್ ಸಿಗುತ್ತದೆ. ಕ್ಲೇಮ್ ಮಾಡಿರಬಾರದು, ಅಷ್ಟೇ. ಇದನ್ನು ಕೇಳದೆ ಊರಿಗೆ ಹೋದವರೇ ಜಾಸ್ತಿ. ಕ್ಲೇಮ್ ಇಲ್ಲ ಅನ್ನುವ ಸರ್ಟಿಫಿಕೇಟನ್ನೂ ತೆಗೆದಿಡಿ. ಬೇರೆ ಕೆಲಸ ಸಿಕ್ಕಿ ಅಲ್ಲೇ ಉಳಿದರೆ ಮುಂದಿನ ಕಾರಿನ ಇನ್ಶೂರೆನ್ಸಿನಲ್ಲಿ ರಿಯಾಯಿತಿಗೆ ಬೇಕಾಗುತ್ತದೆ.

ಕಾರನ್ನು ಪಾರ್ಕಿಂಗಿನಲ್ಲಿ ಬಿಟ್ಟು, "ಆಮೇಲೆ ಯಾರಾದರೂ ಮಾರಿಕೊಡುತ್ತಾರೆ" ಅಂತ ವಿಮಾನ ಹತ್ತುವ ಯೋಚನೆ ಬಂದರೆ ಅದನ್ನು ಅಲ್ಲೇ ಬಿಡಿ. ಧೂಳು ಹಿಡಿದು ನಿಂತ ಕಾರಿಗೆ ದುಬೈ ಮುನಿಸಿಪಾಲಿಟಿ 500 ದಿರ್ಹಮ್ ದಂಡ ಹಾಕುತ್ತದೆ, ಕೊನೆಗೆ ಎಳೆದುಕೊಂಡೂ ಹೋಗುತ್ತದೆ. ಎರಡು ತಿಂಗಳ ರಜೆಗೆ ಊರಿಗೆ ಬರುವವರಿಗೂ ಇದು ಅನ್ವಯ. ರೂಮಿನವರಿಗೆ ಹೇಳಿ ವಾರಕ್ಕೊಮ್ಮೆ ಒರೆಸಿಸಿ.

ಪ್ರಶ್ನೆ: ನಮ್ಮವರು ಅಲ್ಲಿ ತುಂಬಾ ಪ್ರೀತಿಯಿಂದ ಇಟ್ಟುಕೊಂಡ ಕಾರು ಉಂಟು. ಊರಿಗೆ ಬರುವಾಗ ಅದನ್ನೇ ತರುತ್ತೇನೆ ಅಂತಾರೆ. ಹೊಸದುರ್ಗದ ಹತ್ತಿರ ದುಬೈ ನಂಬರಿನ ಕಾರು ನಾನೇ ನೋಡಿದ್ದೇನೆ. ತರಬಹುದಾ? (ಹೊಸಂಗಡಿಯ ಗೃಹಿಣಿ)

ಉತ್ತರ: ನೀವು ನೋಡಿದ್ದು ಕಾರ್ನೆಯಲ್ಲಿ ಬಂದ ಕಾರು. ಅದು ಒಂದು ರೀತಿಯ ತಾತ್ಕಾಲಿಕ ಪರವಾನಗಿ ಪುಸ್ತಕ. ದೊಡ್ಡ ಮೊತ್ತದ ಜಾಮೀನು ಇಟ್ಟು, ಹಡಗಿನಲ್ಲಿ ತಂದು, ಆರು ತಿಂಗಳೊಳಗೆ ವಾಪಸ್ ಒಯ್ಯಬೇಕು. ಮಾರುವ ಹಾಗಿಲ್ಲ. ಶೋಕಿ ಇದ್ದವರಿಗೆ ಅದು ಆಗುತ್ತದೆ.

ಖಾಯಂ ತರುವುದಾದರೆ ನಿಯಮ ಬೇರೆ. ಬಳಸಿದ ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಮುಂಬಯಿ ಬಂದರಿನಲ್ಲೇ ಇಳಿಯಬೇಕು, ಸ್ಟೀರಿಂಗ್ ಬಲಗಡೆ ಇರಬೇಕು. ಅಲ್ಲಿನ ಕಾರಿಗೆ ಸ್ಟೀರಿಂಗ್ ಎಡಗಡೆ ಅಲ್ವಾ? ಅಲ್ಲಿಗೆ ಮುಗಿಯಿತು. ಇನ್ನು ಸುಂಕ ನೋಡಿದರೆ ಕಾರಿನ ಬೆಲೆಗಿಂತ ಜಾಸ್ತಿ. ಪ್ರೀತಿಯ ಕಾರಿನ ಜೊತೆ ಒಂದು ಒಳ್ಳೆಯ ಫೋಟೋ ತೆಗೆಸಿಕೊಂಡು ಬರಲು ಹೇಳಿ.

ಪ್ರಶ್ನೆ: ಮಗ ಅಬುಧಾಬಿಯಲ್ಲಿ. ನಮಗೆ ಇಲ್ಲಿ ಆಸ್ಪತ್ರೆಗೆ, ದೇವಸ್ಥಾನಕ್ಕೆ ಅಂತ ಒಂದು ಹಳೆ ಕಾರು ತೆಗೆಸಿಕೊಡುತ್ತಾನಂತೆ. ಅವನ ಸ್ನೇಹಿತರು ಮಂಗಳೂರಿನಲ್ಲಿ ಕೆಎ-19 ನಂಬರಿನ ಕಾರು ನೋಡಿದ್ದಾರೆ. ಮಗನ ಹೆಸರಿನಲ್ಲೇ ಮಾಡುವುದು ಅಂತ ಆಲೋಚನೆ. ಕೇರಳದಲ್ಲಿ ತೊಂದರೆ ಆಗುತ್ತದಾ? ನನಗೆ 63 ವರ್ಷ, ಡ್ರೈವಿಂಗ್ ಗೊತ್ತು. (ಬದಿಯಡ್ಕದ ಹಿರಿಯರು)

ಉತ್ತರ: ಮಾವ, ಮೊದಲು ಹೆಸರಿನ ವಿಷಯ. ಮಗನ ಹೆಸರು ಬೇಡ, ನಿಮ್ಮ ಹೆಸರಿಗೇ ಮಾಡಿಸಿ.

ಕಾರಣ ಎರಡು. ಈಗ ಆರ್‌ಟಿಒ ಕೆಲಸ ಎಲ್ಲ ಪರಿವಾಹನ್ ಸೈಟಿನಲ್ಲಿ. ಹೆಜ್ಜೆ ಹೆಜ್ಜೆಗೂ ಮಾಲೀಕರ ಮೊಬೈಲಿಗೆ ಒಟಿಪಿ ಬರುತ್ತದೆ. ಮಗನ ಊರಿನ ಸಿಮ್ ರೀಚಾರ್ಜ್ ಇಲ್ಲದೆ ಸತ್ತಿದ್ದರೆ ನೀವು ಬದಿಯಡ್ಕದಲ್ಲಿ ಕೂತು ಎಂತ ಮಾಡುತ್ತೀರಿ? ಇನ್ನೊಂದು ಇನ್ಶೂರೆನ್ಸ್. ಪಾಲಿಸಿಯ ಜೊತೆ ಬರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಕಾರಿನ ಮಾಲೀಕರೇ ಓಡಿಸುವಾಗ ಸಿಗುವಂಥದ್ದು. ಓಡಿಸುವವರು ನೀವು, ಮಾಲೀಕ ಮಗ ಅಂತಾದರೆ ಅದು ನಿಮಗೆ ಸಿಗುವುದಿಲ್ಲ. ದುಡ್ಡು ಮಗನದ್ದೇ ಇರಲಿ, ಆರ್‌ಸಿಯಲ್ಲಿ ಓಡಿಸುವವರ ಹೆಸರು ಇರಲಿ. ನಿಮ್ಮ ಲೈಸೆನ್ಸಿನ ತಾರೀಕೂ ಒಮ್ಮೆ ನೋಡಿಕೊಳ್ಳಿ.

ಇನ್ನು ಕೆಎ-19. ತಲಪಾಡಿಯ ಆಚೆ ಈಚೆ ನಮಗೆ ಒಂದೇ ಊರು. ಆರ್‌ಟಿಒಗೆ ಮಾತ್ರ ಎರಡು ರಾಜ್ಯ. ಕಾರು ಕೇರಳದಲ್ಲೇ 12 ತಿಂಗಳಿಗಿಂತ ಜಾಸ್ತಿ ಇರುವುದಾದರೆ ಇಲ್ಲಿನ ನಂಬರು ಮಾಡಿಸಲೇಬೇಕು, ಅದು ಕೇಂದ್ರದ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್. ನೀವು ಇಲ್ಲೇ ಓಡಿಸುವವರು, ಹಾಗಾಗಿ ಮುಂದೂಡುವುದರಲ್ಲಿ ಅರ್ಥವಿಲ್ಲ. ಕೊಳ್ಳುವಾಗಲೇ ಮಂಗಳೂರು ಆರ್‌ಟಿಒದಿಂದ ಎನ್‌ಒಸಿ, ಅಂದರೆ 28ನೇ ನಂಬರಿನ ಫಾರ್ಮ್, ತೆಗೆಸಿಕೊಡುವುದು ಮಾರುವವರ ಜವಾಬ್ದಾರಿ ಅಂತ ಮಾತಾಡಿ. ಹೆಸರು ಬದಲಿಸಲು 29 ಮತ್ತು 30ನೇ ಫಾರ್ಮ್. ಹಿಂದೆ ಸಾಲ ಇದ್ದಿದ್ದರೆ ಬ್ಯಾಂಕಿನ ಕಾಗದದ ಜೊತೆ 35ನೇ ಫಾರ್ಮ್. ಎಲ್ಲ ಇಂಗ್ಲಿಷಿನಲ್ಲಿ ಇರುತ್ತದೆ, ನಮ್ಮ ಕನ್ನಡ-ಮಲಯಾಳದ ಚರ್ಚೆಗೆ ಅಲ್ಲಿ ಜಾಗವಿಲ್ಲ.

ಖರ್ಚಿನಲ್ಲಿ ದೊಡ್ಡದು ತೆರಿಗೆ. ಕರ್ನಾಟಕದಲ್ಲಿ ಕಟ್ಟಿದ ಆಜೀವ ತೆರಿಗೆ ಇಲ್ಲಿ ಲೆಕ್ಕಕ್ಕಿಲ್ಲ. ಕೇರಳಕ್ಕೆ ಹೊಸದಾಗಿ ಕಟ್ಟಬೇಕು, ಕಾರು ಹಳೆಯದಾದಷ್ಟೂ ಕಡಿಮೆ. ಕರ್ನಾಟಕದ ಬಾಕಿ ವರ್ಷಗಳ ತೆರಿಗೆ ವಾಪಸ್ ಕೇಳಬಹುದು. ಕೇಳಿ, ಆದರೆ ಆ ದುಡ್ಡು ಬರುತ್ತದೆ ಅಂತ ಇವತ್ತೇ ಖರ್ಚು ಹಾಕಿಕೊಳ್ಳಬೇಡಿ. ಮಂಗಳೂರಿನಲ್ಲಿ 40 ಸಾವಿರ ಕಡಿಮೆಗೆ ಸಿಕ್ಕಿದ ಕಾರು ಕೆಎಲ್-14 ಆಗುವಾಗ ಇಲ್ಲಿನ ಕಾರಿಗಿಂತ ತುಟ್ಟಿ ಆಗಬಹುದು. ಆದ್ದರಿಂದ ದುಡ್ಡು ಕೊಡುವ ಮೊದಲೇ ಕಾಸರಗೋಡು ಆರ್‌ಟಿಒದಲ್ಲಿ ಆ ಮಾಡೆಲಿಗೆ ತೆರಿಗೆ ಎಷ್ಟು ಅಂತ ಕೇಳಿಕೊಂಡು ಬನ್ನಿ. ನನ್ನನ್ನು ಕೇಳಿದರೆ, ಕೆಎಲ್-14 ಅಥವಾ ಕೆಎಲ್-60ರಲ್ಲೇ ಒಂದು ಒಳ್ಳೆಯ ಮಾರುತಿ ಹುಡುಕಿ ಅಂತ ಹೇಳುತ್ತೇನೆ.

ಡೀಲರ್ ಮೂಲಕ ಆದರೆ, 2023ರ ಏಪ್ರಿಲ್ 1ರಿಂದ ಹಳೆ ಕಾರಿನ ಡೀಲರಿಗೂ ಆರ್‌ಟಿಒ ಅಧಿಕಾರ ಪತ್ರ ಬೇಕು. ಅದನ್ನು ಕೇಳಲು ಸಂಕೋಚ ಪಡಬೇಡಿ. ಅಂಗಡಿಯಲ್ಲಿ ಡೆಲ್ಲಿ ನಂಬರಿನ ಡೀಸೆಲ್ ಕಾರು ಭಾರೀ ಅಗ್ಗಕ್ಕೆ ಕಂಡರೆ, ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲಿಗೆ ಹಾಕಿದ್ದ ನಿರ್ಬಂಧ ಕಾರಣ ಇರಬಹುದು. ಕಾರು ಕೆಟ್ಟದು ಅಂತಲ್ಲ, ನಿಮಗೆ ಅದು ಬೇಡ. ಇನ್ಶೂರೆನ್ಸ್ ಕೂಡ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಬೇಕು. ಸಮುದ್ರದ ಬದಿಯಲ್ಲಿದ್ದ ಕಾರಾದರೆ ಲಿಫ್ಟಿನಲ್ಲಿ ಎತ್ತಿಸಿ ಅಡಿಯ ತುಕ್ಕು ನೋಡಿ. ಬಣ್ಣದ ಹೊಳಪು ನೋಡಿ ಮರುಳಾಗಬೇಡಿ.

ಪ್ರಶ್ನೆ: ರಜೆಯಲ್ಲಿ ಬಂದಾಗ ಓಡಿಸಲು ಅಂತ ಮನೆಯಲ್ಲಿ ಕಾರು ಇಟ್ಟಿದ್ದೇನೆ. ವರ್ಷಕ್ಕೊಮ್ಮೆ ಬರುವಾಗ ಬ್ಯಾಟರಿ ಸತ್ತಿರುತ್ತದೆ, ಸೀಟಿನಲ್ಲಿ ಬೂಷ್ಟು, ಕಳೆದ ಸಲ ಇಲಿ ವೈರು ಕಡಿದಿತ್ತು. ಮನೆಯಲ್ಲಿ ಅಮ್ಮ, ತಂಗಿ ಮಾತ್ರ. (ಮುಳ್ಳೇರಿಯದವರು, ಈಗ ಕತಾರಿನಲ್ಲಿ)

ಉತ್ತರ: ತಂಗಿಗೆ ಡ್ರೈವಿಂಗ್ ಕಲಿಸಿ. ತಮಾಷೆಗೆ ಹೇಳುವುದಲ್ಲ. ನಿಂತ ಕಾರಿಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ಕೆಲವರು ದಿನಾ ಬೆಳಗ್ಗೆ ಅಂಗಳದಲ್ಲಿ ಎರಡು ನಿಮಿಷ ಸ್ಟಾರ್ಟ್ ಮಾಡಿ ಬಂದ್ ಮಾಡುತ್ತಾರೆ. ಅದರಿಂದ ಬ್ಯಾಟರಿ ತುಂಬುವುದಿಲ್ಲ, ಖಾಲಿ ಆಗುತ್ತದೆ. ವಾರಕ್ಕೊಮ್ಮೆ ಮುಳ್ಳೇರಿಯದಿಂದ ಬದಿಯಡ್ಕದ ತನಕ ಎಸಿ ಹಾಕಿಕೊಂಡು ಹೋಗಿಬಂದರೆ ಬ್ಯಾಟರಿ, ಬ್ರೇಕು, ಬೂಷ್ಟು ಮೂರಕ್ಕೂ ಆಯಿತು.

ಅದು ಆಗುವುದೇ ಇಲ್ಲ ಅಂದರೆ ಬ್ಯಾಟರಿಯ ಮೈನಸ್ ತಂತಿ ಕಳಚಿಡಿ. ಹ್ಯಾಂಡ್‌ಬ್ರೇಕ್ ಎಳೆದು ಹೋಗಬೇಡಿ, ಮಳೆಗಾಲದ ತೇವಕ್ಕೆ ಕಚ್ಚಿಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಮರದ ತುಂಡು ಕೊಡಿ. ಟೈರಿಗೆ ಗಾಳಿ ಸ್ವಲ್ಪ ಜಾಸ್ತಿ ಇರಲಿ. ಪ್ಲಾಸ್ಟಿಕ್ ಟಾರ್ಪಾಲು ಹೊದಿಸಬೇಡಿ, ಒಳಗೆ ತೇವ ಕೂತು ಅದೇ ಬೂಷ್ಟಿಗೆ ದಾರಿ. ಮಾಡಿನಡಿ ಗಾಳಿಯಾಡುವ ಹಾಗೆ ನಿಲ್ಲಿಸಿ, ಬೇಕಾದರೆ ಬಟ್ಟೆಯ ಕವರು ಹಾಕಿ. ಈಗ ಪಂಪಿನಲ್ಲಿ ಸಿಗುವುದು 20 ಶೇಕಡಾ ಎಥೆನಾಲ್ ಬೆರೆಸಿದ ಪೆಟ್ರೋಲು, ಎಥೆನಾಲ್ ತೇವ ಎಳೆಯುತ್ತದೆ. ಅರ್ಧ ಟ್ಯಾಂಕ್ ಪೆಟ್ರೋಲನ್ನು ವರ್ಷಗಟ್ಟಲೆ ಇಡುವುದು ಒಳ್ಳೆಯದಲ್ಲ.

ಇಲಿಗೆ ನಮ್ಮ ಕಡೆ ಬಾನೆಟ್ಟಿನೊಳಗೆ ಹೊಗೆಸೊಪ್ಪು ಕಟ್ಟುತ್ತಾರೆ. ವಾಸನೆ ಇರುವ ತನಕ ಇಲಿ ಬರುವುದು ಕಡಿಮೆ. ವಾಸನೆ ಹೋದ ಮೇಲೆ ಅದನ್ನೇ ಹಾಸಿಕೊಂಡು ಮಲಗೀತು, ಆಗಾಗ ಬದಲಿಸಬೇಕು. ಹೊಗೆಸೊಪ್ಪಿಗಿಂತ ಮುಖ್ಯ, ಕಾರಿನ ಪಕ್ಕ ಅಡಿಕೆ ಗೋಣಿ, ಅಕ್ಕಿ, ತೆಂಗಿನಕಾಯಿ ರಾಶಿ ಹಾಕದಿರುವುದು. ಇಲಿ ಬರುವುದು ಅದಕ್ಕೆ, ವೈರು ಕಡಿಯುವುದು ಟೈಂಪಾಸಿಗೆ. ಮಾಮೂಲಿ ಇನ್ಶೂರೆನ್ಸಿನಲ್ಲಿ ಇಲಿ ಕಡಿದದ್ದಕ್ಕೆ ಸಿಗುವುದಿಲ್ಲ ಅಂತಲೇ ಲೆಕ್ಕ ಹಾಕಿ.

ಇನ್ಶೂರೆನ್ಸ್ ಅಂದ ಮೇಲೆ, ಕಾರು ನಿಂತೇ ಇದ್ದರೂ ಪಾಲಿಸಿ ತಪ್ಪಿಸಬೇಡಿ. ಮುಗಿದು 90 ದಿನ ದಾಟಿದರೆ ಇಷ್ಟು ವರ್ಷ ಸೇರಿಸಿದ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಕತಾರಿನಲ್ಲಿ ಕೂತೇ ಆನ್‌ಲೈನ್ ಕಟ್ಟಬಹುದು.

ವರ್ಷಕ್ಕೆ 30 ದಿನ ಓಡಿಸಲು ಒಂದು ಕಾರು ಸಾಕುವುದು ಲಾಭವಾ ಅಂತ ನೀವು ಕೇಳಲಿಲ್ಲ. ಕೇಳಿದ್ದರೆ, ಬಾಡಿಗೆ ಕಾರಿನ ರೇಟು ವಿಚಾರಿಸಿ ನೋಡಿ ಅನ್ನುತ್ತಿದ್ದೆ.

ಪ್ರಶ್ನೆ: ಗಲ್ಫ್ ಲೈಸೆನ್ಸ್ ಉಂಟು. ಊರಿನ ಲೈಸೆನ್ಸ್ ಮುಗಿದಿದೆ. ರಜೆಯಲ್ಲಿ ಓಡಿಸಿದರೆ ಯಾರು ಕೇಳುತ್ತಾರೆ? (ಸೀತಾಂಗೋಳಿಯ ಯುವಕ)

ಉತ್ತರ: ಏನೂ ಆಗದಿದ್ದರೆ ಯಾರೂ ಕೇಳುವುದಿಲ್ಲ. ಏನಾದರೂ ಆದರೆ ಇನ್ಶೂರೆನ್ಸ್ ಕಂಪನಿ ಎಲ್ಲರಿಗಿಂತ ಮೊದಲು ಕೇಳುತ್ತದೆ. ಲೈಸೆನ್ಸ್ ಮುಗಿದು ಒಂದು ವರ್ಷದೊಳಗೆ ಆದರೆ ಸುಲಭದಲ್ಲಿ ರಿನ್ಯೂ ಆಗುತ್ತದೆ. ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು, ಮತ್ತು ಕೇರಳದ ಟೆಸ್ಟ್ ಶಾರ್ಜಾದ ಟೆಸ್ಟಿಗಿಂತ ಸುಲಭ ಅಂತ ಅಂದುಕೊಂಡು ಹೋಗಬೇಡಿ. ರಜೆಗೆ ಬಂದ ಮೊದಲ ವಾರದಲ್ಲೇ ಅರ್ಜಿ ಹಾಕಿ, ಕೊನೆಯ ವಾರ ಮದುವೆ ಮುಂಜಿಗಳಲ್ಲೇ ಹೋಗುತ್ತದೆ.